ರೈಲು ಸಿಮ್ಯುಲೇಟರ್‌ನಲ್ಲಿ ವಾಕಿಟಾಕಿ ಮಾತು ಅಸಲಿನಂತೆಯೇ ಇರಬೇಕೆ?

ಪರ: ತಿರುಗಿ ಹೇಳದ ಆದೇಶ ಆದೇಶವೇ ಅಲ್ಲ

ಉಡುಪಿ ಸ್ಟೇಷನ್ನಿನ ಹೋಮ್ ಸಿಗ್ನಲ್, ಅಂದರೆ ಸ್ಟೇಷನ್ನಿನೊಳಗೆ ಬಿಡುವ ಸಿಗ್ನಲ್, ಕೆಂಪಾಗಿಯೇ ಉಳಿದಿದೆ ಎಂದುಕೊಳ್ಳಿ. ರೈಲು ಓಡಿಸುವ ಕಂಪ್ಯೂಟರ್ ಆಟದಲ್ಲಿ ಟ್ಯಾಬ್ ಕೀ ಒತ್ತಿದರಾಯಿತು, ದಾಟಬಹುದೋ ಕಾಯಬೇಕೋ ಎಂದು ತೆರೆಯ ಮೇಲೊಂದು ಸಾಲು ಬರುತ್ತದೆ. 2001ರ ಮೈಕ್ರೋಸಾಫ್ಟ್ ಟ್ರೇನ್ ಸಿಮ್ಯುಲೇಟರ್ ಹಿಡಿಸಿದ ಚಟ ಇದು. ಅದರ ಜಾಡಿನಲ್ಲೇ ಬಂದ ಉಚಿತ ಆಟ ಓಪನ್ ರೈಲ್ಸ್‌ನಲ್ಲಿ ಇವತ್ತಿಗೂ ಅದೇ ಕೀ.

ಹಳಿಯ ಮೇಲೆ ನಡೆಯುವುದೇ ಬೇರೆ. ಗಾಡಿ ಓಡಿಸುವ ಲೋಕೋ ಪೈಲಟ್ ವಾಕಿಟಾಕಿಯಲ್ಲಿ ಸ್ಟೇಷನ್ ಮಾಸ್ಟರನ್ನು ಕರೆಯುತ್ತಾರೆ. ಕೊಂಕಣ ರೈಲ್ವೆಯ ಪ್ರತಿ ಸ್ಟೇಷನ್ನಿನಲ್ಲೂ ಅದಕ್ಕೆಂದೇ 25 ವ್ಯಾಟ್‌ನ ವಿಎಚ್‌ಎಫ್ ರೇಡಿಯೋ ಸೆಟ್ ಇದೆ. ಸಿಗ್ನಲ್ ಕೆಟ್ಟಿದೆ, ಕೆಂಪಿದ್ದರೂ ನಿಧಾನವಾಗಿ ಬಾ ಎನ್ನುವ ಕಾಲಿಂಗ್-ಆನ್ ದೀಪವಿಲ್ಲ, ಸಿಗ್ನಲ್ ಕಂಬದ ಫೋನೂ ಇಲ್ಲ ಎಂದಾದರೆ ವಾಕಿಟಾಕಿಯಲ್ಲಿ ಬರೀ “ಬನ್ನಿ” ಎಂದರೆ ಗಾಡಿ ಕದಲುವಂತಿಲ್ಲ. ಮಾಸ್ಟರ್ ಮೊದಲು ಗಾಡಿಯನ್ನು ಹಳಿಯಿಂದ ಹಳಿಗೆ ತಿರುಗಿಸುವ ಪಾಯಿಂಟ್‌ಗಳು ಸರಿಯಾಗಿ ಕೂಡಿ ಲಾಕ್ ಆಗಿವೆಯೇ, ಲೈನ್ ಖಾಲಿಯಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಆಮೇಲೆ ಟಿ/369(3ಬಿ) ಎಂಬ ಅಧಿಕಾರಪತ್ರ ತುಂಬಿ, ಸಮವಸ್ತ್ರದ ನೌಕರರ ಕೈಯಲ್ಲಿ ಸಿಗ್ನಲ್ ಬುಡಕ್ಕೆ ಕಳಿಸಬೇಕು. ಆಟದಲ್ಲಿ ಇಷ್ಟೂ ಹಂತಗಳು ಒಂದು ಗುಂಡಿಯಲ್ಲಿ ಕರಗಿಹೋದರೆ ಆಡುವವರು ಕಲಿತದ್ದೇನು? ಕೆಂಪು ಎಂದರೆ ಟ್ಯಾಬ್ ಎಂದು.

ನಾವು ಕೇಳುವುದು ದೊಡ್ಡದೇನಲ್ಲ. ಕರೆಯುವವರು ಮೊದಲು ಯಾರನ್ನು ಕರೆಯುತ್ತಿದ್ದೇವೆ, ತಾವು ಯಾವ ಗಾಡಿ, ಎಲ್ಲಿ ನಿಂತಿದ್ದೇವೆ ಎಂದು ಹೇಳಲಿ. “ಉಡುಪಿ ಮಾಸ್ಟರ್, ಒನ್ ಸಿಕ್ಸ್ ಫೈವ್ ನೈನ್ ಫೈವ್ ಲೋಕೋ ಪೈಲಟ್. ಹೋಮ್ ಸಿಗ್ನಲ್‌ನಲ್ಲಿದ್ದೇನೆ, ಸಿಗ್ನಲ್ ಕೆಂಪು.” ಅಂಕಿಗಳನ್ನು ಬಿಡಿಬಿಡಿಯಾಗಿಯೇ ಹೇಳಬೇಕು, ಯಾಕೆಂದರೆ ಜೋಡಿ ಗಾಡಿ 16596, ಬೇರೆಯಿರುವುದು ಕೊನೆಯ ಅಂಕಿಯೊಂದೇ. ಕೇಳಿಸಿಕೊಂಡವರು ಅಷ್ಟನ್ನೂ ತಿರುಗಿ ಹೇಳಬೇಕು, ಮೊದಲು ಹೇಳಿದವರು “ಸರಿ” ಎನ್ನಬೇಕು. ಆ “ಸರಿ” ಬರುವವರೆಗೆ ಆದೇಶ ಹುಟ್ಟಿಲ್ಲ. ಅಮೆರಿಕದಲ್ಲಿ ರೇಡಿಯೋ ಮೂಲಕ ಕೊಡುವ ಸಂಚಾರ ಅನುಮತಿಯಾದ ಟ್ರ್ಯಾಕ್ ವಾರಂಟ್‌ನಲ್ಲೂ ಇದೇ ಕ್ರಮ: ಬರೆದುಕೊ, ತಿರುಗಿ ಓದು, ಗಾಡಿಗಳ ಓಡಾಟ ನಿಯಂತ್ರಿಸುವ ಡಿಸ್ಪ್ಯಾಚರ್ ಸಮಯ ಹೇಳಿ ಓಕೆ ಮಾಡಿದ ಮೇಲೆ ಹೊರಡು. ಡಿಸ್ಕಾರ್ಡ್ ಆ್ಯಪ್‌ನಲ್ಲಿ ಮಾತಾಡುತ್ತ ಆಡುವವರು ಪುಶ್ ಟು ಟಾಕ್, ಅಂದರೆ ಗುಂಡಿ ಒತ್ತಿದಾಗ ಮಾತ್ರ ಮೈಕ್ ತೆರೆಯುವ ವ್ಯವಸ್ಥೆ, ಹಾಕಿಕೊಳ್ಳಲಿ. ಅಸಲಿ ಸೆಟ್‌ನಲ್ಲಿ ಇಬ್ಬರು ಒಟ್ಟಿಗೆ ಒತ್ತಿದರೆ ಯಾರ ಮಾತೂ ನೆಟ್ಟಗೆ ಕೇಳುವುದಿಲ್ಲ. ಆ ಶಿಸ್ತು ಬೆರಳಿಗೇ ಬರಬೇಕು.

ಇದು ಬರೀ ಶೋಕಿಯಲ್ಲ. 2024ರ ಜೂನ್ 17ರಂದು ಪಶ್ಚಿಮ ಬಂಗಾಳದ ರಂಗಾಪಾನಿ ಬಳಿ ಕಾಂಚನಜುಂಗಾ ಎಕ್ಸ್‌ಪ್ರೆಸ್‌ಗೆ ಗೂಡ್ಸ್ ಗಾಡಿ ಹಿಂದಿನಿಂದ ಗುದ್ದಿತು. ಬೆಳಗ್ಗಿನಿಂದ ಅಲ್ಲಿನ ಆಟೊಮ್ಯಾಟಿಕ್ ಸಿಗ್ನಲ್‌ಗಳು ಕೆಟ್ಟಿದ್ದವು, ಗೂಡ್ಸ್ ಗಾಡಿಯ ಲೋಕೋ ಪೈಲಟ್ ಕೈಯಲ್ಲಿ ಕೆಟ್ಟ ಸಿಗ್ನಲ್‌ಗಳನ್ನು ದಾಟಲು ಕೊಡುವ ಟಿ/ಎ 912 ಪತ್ರವಿತ್ತು. ಎಷ್ಟು ವೇಗದಲ್ಲಿ ಹೋಗಬೇಕು ಎಂಬುದೇ ಆ ಪತ್ರದಲ್ಲಿರಲಿಲ್ಲ ಎಂದು ರೈಲ್ವೆ ಸುರಕ್ಷತಾ ಆಯುಕ್ತರ ವರದಿ ಹೇಳಿತು. ಏನು ಹೇಳಿಲ್ಲ ಎಂಬುದನ್ನು ಕೇಳಿ ತಿಳಿಯುವ ಅಭ್ಯಾಸಕ್ಕೆ ಆಟಕ್ಕಿಂತ ಅಗ್ಗದ ಶಾಲೆಯಿಲ್ಲ.

ಇನ್ನು ನಮ್ಮ ಮಂಗಳೂರಿನಷ್ಟು ಒಳ್ಳೆಯ ನಕ್ಷೆ ಈ ಆಟಕ್ಕೆ ಬೇರೆಲ್ಲಿ ಸಿಕ್ಕೀತು? ಮೇಲೆ ಹೇಳಿದ 16595, ಅಂದರೆ ಪಂಚಗಂಗಾ ಎಕ್ಸ್‌ಪ್ರೆಸ್, ಸುಬ್ರಹ್ಮಣ್ಯ ಕಡೆಯಿಂದ ಮೈಸೂರು ವಿಭಾಗದ ಕೈಯಲ್ಲಿ ಇಳಿದು ಬರುತ್ತದೆ, ಪಡೀಲ್ ಬಳಿ ಪಾಲಕ್ಕಾಡ್ ವಿಭಾಗಕ್ಕೆ ಸೇರುತ್ತದೆ, ಸೆಂಟ್ರಲ್ಲಿಗೂ ಜಂಕ್ಷನ್ನಿಗೂ ಮುಖ ತೋರಿಸದೆ ಜೋಕಟ್ಟೆ ಹಾದು ತೋಕೂರಿನಲ್ಲಿ ಕೊಂಕಣ ರೈಲ್ವೆಯ ಪಾಲಾಗುತ್ತದೆ. ಊರೊಂದನ್ನು ಬಳಸಿ ಹೋಗುವಷ್ಟರಲ್ಲಿ ಮೂರು ಕಂಟ್ರೋಲ್ ಕಚೇರಿಗಳ ಕೈ ದಾಟುತ್ತದೆ. ಪೋಲೆಂಡಿನ ಹಳಿಗಳ ಆಟ ಸಿಮ್‌ರೈಲ್‌ನಲ್ಲಿ ಪ್ರದೇಶ ಬದಲಾದಲ್ಲಿ ರೇಡಿಯೋ ಚಾನೆಲ್ ಬದಲಿಸಲು ಮರೆತವರು ಕಿವುಡರಾಗಿ ಕೆಂಪಿನೆದುರು ನಿಲ್ಲುತ್ತಾರೆ. ತೋಕೂರಿನಲ್ಲೂ ಹಾಗೆ ನಿಲ್ಲಲಿ.

ಇಷ್ಟೆಲ್ಲ ಮಾತು ಕಿರಿಕಿರಿ ಎನ್ನುವವರಿಗೆ ಕ್ಯಾಂಡಿ ಕ್ರಷ್ ಇದೆ.

ವಿರೋಧ: ಅಸಲಿ ಹಳಿಯಲ್ಲಿ ಇಷ್ಟು ಮಾತೆಲ್ಲಿದೆ?

ಈ ಪಕ್ಷ ಹಿಡಿಯಲು ಯಾರೂ ಒಪ್ಪದ್ದರಿಂದ ಇದು ನನ್ನ ಪಾಲಿಗೆ ಬಂತು. ಆದರೂ ಒಂದು ಸಂಗತಿ ನಿಜವಾಗಿಯೇ ಹೇಳಬೇಕಾದ್ದು.

ಸಿಗ್ನಲ್ ಎಂದರೇ ಮಾತು. ಅದು ಸರಿಯಾಗಿರುವ ದಿನ ಮೂಲ್ಕಿ, ಉಡುಪಿ, ಬಾರ್ಕೂರು ದಾಟಿ ಹೋಗುವ ಗಾಡಿಯ ಲೋಕೋ ಪೈಲಟ್ ಮತ್ತು ಸಹಾಯಕ ಲೋಕೋ ಪೈಲಟ್ ಸಿಗ್ನಲ್ ಬಣ್ಣವನ್ನು ತಮ್ಮತಮ್ಮಲ್ಲೇ ಕೂಗಿ ಹೇಳಿಕೊಳ್ಳುತ್ತಾರೆ, ಸ್ಟೇಷನ್ನಿನಲ್ಲಿ ಹಸಿರು ಬಾವುಟಕ್ಕೆ ಬಾವುಟ ತೋರಿಸಿ ಆಲ್‌ರೈಟ್ ವಿನಿಮಯ ಮಾಡಿಕೊಳ್ಳುತ್ತಾರೆ. ಉದ್ದುದ್ದ ಸಂಭಾಷಣೆ ಬರುವುದು ಏನಾದರೂ ಕೆಟ್ಟಾಗ. ಎರಡು ಗಾಡಿ ಒಂದನ್ನೊಂದು ದಾಟುವ ಪ್ರತಿ ಕ್ರಾಸಿಂಗ್‌ಗೂ ಮಾತು ತುಂಬಿದ ಆಟ ಅಸಲಿಗೆ ಹತ್ತಿರವಾಗುವುದಿಲ್ಲ, ದೂರವಾಗುತ್ತದೆ. ಪರ ಬರೆದವರು ಸಿಗ್ನಲ್ ಕೆಡಿಸಿಕೊಂಡೇ ಬರಹ ಶುರುಮಾಡಿದ್ದನ್ನು ಗಮನಿಸಿ.

ಎರಡನೆಯದು, ಡಿಸ್ಪ್ಯಾಚರ್ ನೇರವಾಗಿ ಗಾಡಿಯೊಡನೆ ಮಾತಾಡುವುದು ಅಮೆರಿಕದ ಪದ್ಧತಿ. ನಮ್ಮಲ್ಲಿ ಮಾರ್ಗದ ಗಾಡಿಗಳ ಓಡಾಟ ನೋಡಿಕೊಳ್ಳುವ ಸೆಕ್ಷನ್ ಕಂಟ್ರೋಲರ್ ಮಾತಾಡುವುದು ಹೆಚ್ಚಾಗಿ ಸ್ಟೇಷನ್ ಮಾಸ್ಟರ್‌ಗಳೊಡನೆ, ಗಾಡಿಯೊಡನೆ ಮಾತು ಮಾಸ್ಟರದ್ದು. ಅಸಲಿನಂತೆಯೇ ಬೇಕೆಂದರೆ ತೋಕೂರಿನಿಂದ ಕುಂದಾಪುರದವರೆಗೆ ಕ್ರಾಸಿಂಗ್ ಇರುವ ಪ್ರತಿ ಸ್ಟೇಷನ್ನಿಗೂ ಒಬ್ಬ ಆಟಗಾರ ಬೇಕು. ಆತ ಪಕ್ಕದ ಸ್ಟೇಷನ್ನಿನಿಂದ ಲೈನ್ ಕ್ಲಿಯರ್, ಅಂದರೆ ಗಾಡಿ ಕಳಿಸಲು ಒಪ್ಪಿಗೆ, ಪಡೆದು, ಸಿಗ್ನಲ್ ಬಿಟ್ಟು, ಮುಂದಿನ ಗಾಡಿಗೆ ಅರ್ಧ ಗಂಟೆ ಸುಮ್ಮನೆ ಕೂರಬೇಕು. ರಾತ್ರಿ ಹತ್ತಕ್ಕೆ ಅಷ್ಟು ಮಂದಿಯನ್ನು ಕೂಡಿಸಿ ನೋಡಿ. ಇನ್ನು ಒಬ್ಬರೇ ಡಿಸ್ಪ್ಯಾಚರ್, ಹತ್ತು ಗಾಡಿ ಎಂದರೆ? ಕರೆ, ಮರುಹೇಳಿಕೆ, ಒಪ್ಪಿಗೆ ಸೇರಿ ಒಂದಕ್ಕೆ 40 ಸೆಕೆಂಡ್ ಹಿಡಿಯಿರಿ. ಒಂದು ಸುತ್ತಿಗೆ ಏಳು ನಿಮಿಷ ಹತ್ತಿರ. ಅಷ್ಟೂ ಹೊತ್ತು ಸಿಗ್ನಲ್ ಪ್ಯಾನೆಲ್ ನೋಡುವವರಿಲ್ಲ. ಹತ್ತನೆಯವರಂತೂ ಶಿಸ್ತು ಬಿಟ್ಟು “ಸಿಗ್ನಲ್ ಕೊರ್ಲ ಮಾರಾಯಾ” ಎನ್ನುತ್ತಾರೆ. ಕಾಗದ ತುಂಬಿಸುವುದೇ ಆನಂದವಾದರೆ ಆರ್‌ಟಿಒ ಕಚೇರಿಯ ಸಾಲಿನಲ್ಲಿ ನಿಲ್ಲಬಹುದು.

ಸಿಗ್ನಲ್ ನಡೆಸುವವರ ಪಾತ್ರ ಆಡುವ ಬ್ರಿಟನ್ನಿನ ಆಟ ಸಿಮ್‌ಸಿಗ್ ಇದನ್ನು ಜಾಣತನದಿಂದ ಬಗೆಹರಿಸಿದೆ. ಗಾಡಿ ಕೆಂಪಿನಲ್ಲಿ ಸ್ವಲ್ಪ ಹೊತ್ತು ನಿಂತ ಮೇಲಷ್ಟೇ ಫೋನ್ ಬರುತ್ತದೆ, ಪಟ್ಟಿಯಿಂದ ಉತ್ತರ ಆರಿಸಿದರೆ ಮುಗಿಯಿತು. ಉಳಿದ ಹೊತ್ತು ಸದ್ದಿಲ್ಲ.

ರಂಗಾಪಾನಿಯ ವಿಷಯ ಗಂಭೀರ, ಅದನ್ನು ಆಟಕ್ಕೆ ಎಳೆಯುವುದು ಬೇಡ. ಎಲ್ಲಿ ಎಷ್ಟು ನಿಧಾನಿಸಬೇಕೆಂದು ಬರೆದುಕೊಡುವ ಮಳೆಗಾಲದ ಕಾಷನ್ ಆರ್ಡರ್ ಮಾತ್ರ ಆಟದಲ್ಲಿ ಬೇಕೆಂದು ನಾನೂ ಒಪ್ಪುತ್ತೇನೆ. ಜೋರು ಮಳೆಯಲ್ಲಿ ದಾರಿ ಕಾಣದಾದಾಗ 40 ಕಿ.ಮೀ. ವೇಗ ಮೀರಬಾರದೆಂಬ ನಿಯಮ ಕೊಂಕಣ ಮಾರ್ಗದಲ್ಲಿದೆ. ಅದನ್ನೂ, ಎಲ್ಲೆಲ್ಲಿ ನಿಧಾನಿಸಬೇಕೆಂಬ ಕಿಲೋಮೀಟರ್ ಸಂಖ್ಯೆಗಳನ್ನೂ ಕಾಷನ್ ಆರ್ಡರಿನ ನಮೂನೆಯಾದ ಟಿ/409ರ ಮಾದರಿಯಲ್ಲಿ ಅಚ್ಚು ಹಾಕಿ ಆಟ ಶುರುವಾಗುವ ಮೊದಲೇ ಕೊಡಲಿ. ಅದಕ್ಕೆ ಮೈಕ್ ಬೇಡ.