ಟೆಸ್ಲಾನ ಗೋಪುರ, ನಮ್ಮ ಬ್ಲಫ್ ಮತ್ತು ಅಕ್ಕನ ಮಗ

ಅಕ್ಕನ ಮಗ ಕೊಟ್ಟಿಗೆಯಲ್ಲಿ ಹಳೇ ಸ್ಕೂಟರಿನ ಚಕ್ರವೊಂದನ್ನು ನಿಲ್ಲಿಸಿದ್ದಾನೆ. ಅದರ ಸುತ್ತ ಸ್ಪೀಕರುಗಳಿಂದ ಕಿತ್ತ ಅಯಸ್ಕಾಂತಗಳು. ಒಂದು ಸಲ ಕೈಯಿಂದ ತಳ್ಳಿದರೆ ಸಾಕಂತೆ, ಆಮೇಲೆ ತಾನಾಗೇ ತಿರುಗುತ್ತಲೇ ಇರುತ್ತದಂತೆ. ಅದಕ್ಕೊಂದು ಡೈನಮೋ ಕೂರಿಸಿದರೆ ಊರಿಗೆಲ್ಲ ಬಿಟ್ಟಿ ಕರೆಂಟು. ಹೋದ ತಿಂಗಳು ನನ್ನನ್ನು ಕರೆದು ತೋರಿಸಿದ. ನಲವತ್ತು ಸೆಕೆಂಡು ತಿರುಗಿ ನಿಂತಿತು. ಹಸು ಒಮ್ಮೆ ತಲೆಯೆತ್ತಿ ನೋಡಿ ಮತ್ತೆ ಹುಲ್ಲಿಗೆ ಬಾಯಿಹಾಕಿತು.

"ಅಂಗಡಿಯವ್ರು ಬೇಕಂತ್ಲೇ ಪವರ್ ಕಮ್ಮಿ ಇರೋ ಮ್ಯಾಗ್ನೆಟ್ ಕೊಡ್ತಾರೆ ಮಾವ. ಒಳ್ಳೇದು ಯಾರ ಕೈಗೂ ಸಿಗದಂಗೆ ಮೇಲಿಂದ್ಲೇ ಆರ್ಡರ್ ಆಗೈತೆ."

ನಾನು ಮೂವತ್ನಾಲ್ಕು ವರ್ಷ ಕಂಬ ಹತ್ತಿ ಇಳಿದ ಲೈನ್‌ಮನ್. ಅವನು ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿದ ಇಪ್ಪತ್ಮೂರರ ಹುಡುಗ. ಮನೆಯಲ್ಲಿ ಅವನನ್ನು ಪುಟ್ಟ ಅಂತಲೇ ಕರೆಯುತ್ತೇವೆ. ದಡ್ಡನಲ್ಲ. ನನಗೆ ಸಂಕಟ ಆಗುವುದೂ ಅದಕ್ಕೇ.

ಅವನ ದೇವರು ನಿಕೋಲಾ ಟೆಸ್ಲಾ, ಕರೆಂಟಿನ ಹಳೇ ಕಾಲದ ದೊಡ್ಡ ಸಂಶೋಧಕ. ಅಮೆರಿಕದ ಲಾಂಗ್ ಐಲೆಂಡಿನಲ್ಲಿ 1901ರಲ್ಲಿ ಟೆಸ್ಲಾ ವಾರ್ಡನ್‌ಕ್ಲಿಫ್ ಗೋಪುರ ಕಟ್ಟಿಸಲು ಶುರುಮಾಡಿದ, ತಂತಿಯಿಲ್ಲದೆ ಜಗತ್ತಿಗೆಲ್ಲ ಕರೆಂಟ್ ಕೊಡುವ ಆಸೆ ಅವನದು. ದುಡ್ಡು ಹಾಕಿದ್ದ ಬ್ಯಾಂಕರ್ ಜೆ.ಪಿ. ಮೋರ್ಗನ್ "ಹಾಗಾದರೆ ಮೀಟರ್ ಎಲ್ಲಿ ಕೂರಿಸೋದು?" ಅಂತ ಕೇಳಿ ಯೋಜನೆಯನ್ನೇ ಮುಗಿಸಿಬಿಟ್ಟ. ಪುಟ್ಟ ಈ ಕಥೆಯನ್ನು ಹರಿಕಥೆ ದಾಸರ ಹಾಗೆ ಹೇಳುತ್ತಾನೆ. ಮೀಟರಿನ ಮಾತು ಬರುವ ಹೊತ್ತಿಗೆ ದನಿ ನಡುಗುತ್ತದೆ.

ನಾನೂ ಹಟಕ್ಕೆ ಬಿದ್ದು ಓದಿದೆ. ಗೋಪುರ ನಿಜ, ಮೋರ್ಗನ್ ಕೊಟ್ಟ 1,50,000 ಡಾಲರೂ ನಿಜ. ಆ ಮೀಟರಿನ ಮಾತಿಗೆ ಮಾತ್ರ ದಾಖಲೆಯಿಲ್ಲ. ಮೋರ್ಗನ್ ಹಣ ಹಾಕಿದ್ದು ಸಾಗರದಾಚೆಗೆ ಸುದ್ದಿ ಕಳಿಸುವ ಕೆಲಸಕ್ಕೆ. 1901ರ ಡಿಸೆಂಬರಿನಲ್ಲಿ ರೇಡಿಯೊದ ಮಾರ್ಕೋನಿ ಅದನ್ನು ಎಷ್ಟೋ ಅಗ್ಗದ ಸಲಕರಣೆಯಲ್ಲಿ ಮಾಡಿ ತೋರಿಸಿದ. ಟೆಸ್ಲಾ ಇನ್ನೂ ಹಣ ಕೇಳಿದ, ಮೋರ್ಗನ್ ಆಗಲ್ಲ ಅಂದ. ಟೆಸ್ಲಾ ತಂಗಿದ್ದ ಹೋಟೆಲಿನ ಸಾಲದ ಬಾಬ್ತು ಗೋಪುರವನ್ನು 1917ರಲ್ಲಿ ಕೆಡವಿ ಗುಜರಿಗೆ ಹಾಕಿದರು. ಓದುವಾಗ ನನಗೂ ಗಂಟಲು ಕಟ್ಟಿತು. ಆದರೆ ತಂತಿ ಇಲ್ಲದೆ ಕಳಿಸುವುದು ಬೇರೆ, ಬಿಟ್ಟಿ ಕೊಡುವುದು ಬೇರೆ. ಗೋಪುರದ ಬುಡದಲ್ಲಿ ಯಾರಾದರೂ ಕರೆಂಟ್ ಉತ್ಪಾದಿಸಲೇಬೇಕಲ್ಲ?

ಇದನ್ನು ಹೇಳಿದ್ದಕ್ಕೆ ಅವನು ಹೊಸ ಬಾಣ ಬಿಟ್ಟ. 1943ರಲ್ಲಿ ಟೆಸ್ಲಾ ಸತ್ತಾಗ ಅಮೆರಿಕ ಸರ್ಕಾರ ಅವನ ಕಾಗದಪತ್ರಗಳನ್ನೆಲ್ಲ ವಶಕ್ಕೆ ತಗೊಂಡಿತು. ಅವನ್ನು ಪರಿಶೀಲಿಸಿದ ಇಂಜಿನಿಯರ್ ಜಾನ್ ಟ್ರಂಪ್. "ಈಗಿನ ಟ್ರಂಪ್‌ನ ಚಿಕ್ಕಪ್ಪ ಮಾವ! ಇನ್ನೂ ಏನ್ ಬೇಕು ನಿಮ್ಗೆ?" ಸಂಬಂಧ ನಿಜವೇ. ಆ ಚಿಕ್ಕಪ್ಪ ಬರೆದ ವರದಿ ಏನೆಂದರೆ, ಕೊನೆಯ ವರ್ಷಗಳ ಆ ಕಾಗದಗಳಲ್ಲಿ ಇದ್ದದ್ದು ಹೆಚ್ಚಾಗಿ ಊಹೆ ಮತ್ತು ತತ್ವಚಿಂತನೆ. ಪುಟ್ಟ ನೋಡುವ ವಿಡಿಯೊದವರು ಚಿಕ್ಕಪ್ಪನ ಹತ್ತಿರ ನಿಂತುಬಿಡುತ್ತಾರೆ, ವರದಿಯವರೆಗೆ ಹೋಗುವುದಿಲ್ಲ.

ಹಾಗಂತ ಅವನು ಹೇಳುವುದೆಲ್ಲ ಓಳು ಅನ್ನಲಾರೆ. ಒಂದು ದಿನ ಬಲ್ಬ್ ಕಂಪನಿಗಳ ಪಿತೂರಿ ಅಂದ. ನಕ್ಕೆ. ಆಮೇಲೆ ನೋಡಿದರೆ ಅಕ್ಷರಶಃ ನಿಜ! 1924ರಲ್ಲಿ ಜಿನೀವಾದಲ್ಲಿ ಓಸ್ರಾಂ, ಫಿಲಿಪ್ಸ್ ಮೊದಲಾದ ಕಂಪನಿಗಳು ಫೀಬಸ್ ಅನ್ನುವ ಕೂಟ ಕಟ್ಟಿಕೊಂಡು, ಬಲ್ಬಿನ ಆಯಸ್ಸನ್ನು 1,000 ಗಂಟೆಗೆ ಇಳಿಸಿದ್ದವು. ಅದಕ್ಕಿಂತ ಹೆಚ್ಚು ಬಾಳುವ ಬಲ್ಬ್ ಮಾಡಿದರೆ ದಂಡ. ಮೂವತ್ನಾಲ್ಕು ವರ್ಷ ಇಲಾಖೆಯಲ್ಲಿದ್ದ ನನಗೆ ಇದು ಗೊತ್ತಿರಲಿಲ್ಲ, ಹುಡುಗ ಹೇಳಿಕೊಟ್ಟ. ಇಂಥ ಒಂದು ನಿಜವಾದ ಗುಂಡಿ ಕಂಡವನು ಕತ್ತಲಲ್ಲಿ ಹೆಜ್ಜೆಗೊಂದು ಗುಂಡಿ ಅಂದುಕೊಂಡರೆ ಅವನನ್ನು ಪೂರ್ತಿ ಬೈಯುವುದು ಹೇಗೆ?

ಒಂದು ಭಾನುವಾರ ಬೈಕಿನಲ್ಲಿ ಅವನನ್ನು ಬ್ಲಫ್‌ಗೆ ಕರೆದುಕೊಂಡು ಹೋದೆ. ಮಳವಳ್ಳಿ ಕಡೆಯವರಿಗೆ ಬ್ಲಫ್ ಅಂದರೆ ಶಿವನಸಮುದ್ರದ ಪವರ್‌ಹೌಸ್ ಇರುವ ಜಾಗ. (ಹೆಸರೇ ಬ್ಲಫ್ ಅಂತ ಇಟ್ಟವ್ರಲ್ಲ ಮಾವ, ಅಂತ ದಾರಿಯುದ್ದಕ್ಕೂ ಕೀಟಲೆ.) ಟೆಸ್ಲಾನ ಗೋಪುರ ಮೇಲೇಳುತ್ತಿದ್ದ ಹೊತ್ತಿಗೇ ಇಲ್ಲಿ ಕಾವೇರಿಯಿಂದ ಕರೆಂಟ್ ತೆಗೆಯುವ ಕೆಲಸ ನಡೆದಿತ್ತು. ಯೋಜನೆ ಜೋಲಿ ಡಿ ಲಾಟ್ಬಿನಿಯರ್ ಎಂಬ ಇಂಜಿನಿಯರನದು. ಒಪ್ಪಿಸಿ ಮುಂದಕ್ಕೆ ನೂಕಿದವರು ದಿವಾನ್ ಶೇಷಾದ್ರಿ ಅಯ್ಯರ್, ಕರೆಂಟ್ ಹರಿಯುವುದನ್ನು ನೋಡದೆ 1901ರಲ್ಲೇ ತೀರಿಕೊಂಡರು. ಮುಂದಿನ ವರ್ಷ, 1902ರ ಜೂನಿನಲ್ಲಿ, ಇಲ್ಲಿಂದ ಸುಮಾರು 147 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗೆ ತಂತಿಯ ಮೇಲೆ ಕರೆಂಟ್ ಹೋಯಿತು. ಅದೂ ಟೆಸ್ಲಾ ಗೆಲ್ಲಿಸಿಕೊಟ್ಟ, ದಿಕ್ಕು ಬದಲಿಸುತ್ತ ಹರಿಯುವ ಆಲ್ಟರ್ನೇಟಿಂಗ್ ಕರೆಂಟೇ. "ನಿನ್ನ ದೇವರ ಗುಡಿ ಇಲ್ಲೇ ಹಿತ್ತಲಲ್ಲೇ ಇದೆಯಲ್ಲೋ" ಅಂದೆ. ಮೊದಲ ಸಲ ಹುಡುಗ ಸುಮ್ಮನಾದ.

ಆಮೇಲೆ ಕೇಳಿದ, "ಮತ್ತೆ ನಮ್ಮೂರಿಗೆ ಯಾವಾಗ ಬಂತು ಮಾವ?"

ಬ್ಲಫ್‌ನಿಂದ ನಮ್ಮೂರು ಹದಿನಾಲ್ಕು ಕಿ.ಮೀ. ಕರೆಂಟ್ ಬಂದದ್ದು ನನಗೆ ಬುದ್ಧಿ ಬಂದ ಮೇಲೆ. ಚಿನ್ನದ ಗಣಿಗೆ 1902, ಬೆಂಗಳೂರಿನ ಬೀದಿಗೆ 1905. ತಂತಿ ಹಾದುಹೋದ ಎಷ್ಟೋ ಹಳ್ಳಿಗಳಲ್ಲಿ ನಮ್ಮವ್ವನಂಥವರು ಸೀಮೆಎಣ್ಣೆ ಬುಡ್ಡಿ ಹಚ್ಚಿಕೊಂಡು ರಾಗಿ ಬೀಸುತ್ತಿದ್ದರು. ಇದನ್ನು ಯಾರೂ ಮುಚ್ಚಿಡಲಿಲ್ಲ ಪುಟ್ಟ, ರಾಜಾರೋಷವಾಗಿ ಅಚ್ಚುಹಾಕಿಸಿದರು, ಕಾಸು ಕೊಡುವವರಿಗೆ ಮೊದಲು ಅಂತ. ಈಗಲೂ ಕರೆಂಟ್ ದರ ಏರಿಸುವ ಮುಂಚೆ ನಿಯಂತ್ರಣ ಆಯೋಗ ಬಹಿರಂಗ ವಿಚಾರಣೆ ನಡೆಸುತ್ತದೆ, ಯಾರು ಬೇಕಾದರೂ ಆಕ್ಷೇಪಣೆ ಹಾಕಬಹುದು. ಹೋಗೋಣ ಬಾರೋ ಅಂದರೆ "ಅದು ಬೋರು ಮಾವ" ಅಂದ. ಮೂರು ಗಂಟೆಯ ವಿಡಿಯೊ ನೋಡುವವನಿಗೆ ಆ ದರದ ಕಡತದ ಮೂವತ್ತು ಪುಟ ಓದುವುದು ಬೋರು.

ನನಗೆ ಅವನ ಕನಸಿನ ಮೇಲೆ ಸಿಟ್ಟಿಲ್ಲ. ಅವನಪ್ಪ, ಅಂದರೆ ನಮ್ಮ ಭಾವ, ಎಂಬತ್ತರ ದಶಕದಲ್ಲಿ ಹಸಿರು ಶಾಲು ಹೊದ್ದವರು. ಸಾಲ ವಸೂಲಿಗೆ ಬರುವ ಅಧಿಕಾರಿಗಳು ಅನುಮತಿಯಿಲ್ಲದೆ ಊರೊಳಗೆ ಬರಕೂಡದು ಅಂತ ರೈತಸಂಘದ ಬೋರ್ಡು ನೆಟ್ಟವರಲ್ಲಿ ಅವರೂ ಒಬ್ಬರು. ನಾನೋ, ಬಾಕಿ ಬಿಲ್ಲಿನ ಪಟ್ಟಿ ಹಿಡಿದು ಫ್ಯೂಸ್ ಕೀಳಲು ಹೋಗುವವನು. ಬೋರ್ಡಿನ ಆಚೆ ಭಾವ, ಈಚೆ ಬಾಮೈದ, ನಡುವೆ ಅಕ್ಕ ಕೊಟ್ಟು ಕಳಿಸಿದ ಮಜ್ಜಿಗೆ. ಭಾವನ ಗ್ರಾಮರಾಜ್ಯವೂ ಬರಲಿಲ್ಲ. ಆದರೆ ಆ ಕನಸಿನಲ್ಲಿ ಪಕ್ಕದ ಮನೆಯವನಿದ್ದ, ಸಭೆಗೆ ಹಾಸುವ ಜಮಖಾನ ಇತ್ತು, ಜಗಳ ಇತ್ತು. ಪುಟ್ಟನ ಕಥೆಯಲ್ಲಿ ಇರುವುದು ಒಬ್ಬ ಮಹಾತ್ಮ, ಒಬ್ಬ ಖಳ. ನಡುವೆ ಕಂಬ ಹೊತ್ತವರು, ಮಳೆಯಲ್ಲಿ ಜಂಪರ್ ತಂತಿ ಕಟ್ಟಿದವರು, ಲೈನ್ ಕ್ಲಿಯರ್ (ಕರೆಂಟ್ ತೆಗೆದಿದೆ ಅನ್ನುವ ಖಾತ್ರಿ) ತಪ್ಪಿ ಸತ್ತವರು ಯಾರೂ ಇಲ್ಲ. ನನ್ನ ಜೊತೆ ಕೆಲಸ ಮಾಡಿದ ಇಬ್ಬರು ಹಾಗೆ ಹೋದರು. ಅವನ ಕಥೆಯಲ್ಲಿ ಅವರಿಗೆ ಜಾಗ ಎಲ್ಲಿದೆ ಅಂತ ಹುಡುಕುತ್ತೇನೆ, ಸಿಗುವುದಿಲ್ಲ.

ಚಕ್ರ ತಿರುಗಿಸಿಕೊಂಡಿರಲಿ ಬಿಡಿ ಅನ್ನುತ್ತಾಳೆ ಅಕ್ಕ. ಅವಳ ಮನೆಗೆ ಗೃಹಜ್ಯೋತಿಯಿಂದ ಸೊನ್ನೆ ಬಿಲ್ಲು ಬರುತ್ತಿದೆ, ಬಿಟ್ಟಿ ಕರೆಂಟಿಗೆ ಮಗನ ಚಕ್ರ ಯಾಕೆ ಬೇಕು ಅಂತ ಅವಳ ಪ್ರಶ್ನೆ. ಚಕ್ರಕ್ಕೆ ನಾನೂ ಹೆದರಲ್ಲ. ಆದರೆ ಮಕ್ಕಳ ಕಳ್ಳರು ಬಂದಿದ್ದಾರೆ ಅಂತ ಒಂದು ವಿಡಿಯೊ ಅವನ ಫೋನಿನಿಂದ ಮನೆಯ ಗ್ರೂಪಿಗೆ ಬಂದ ದಿನ ಎದೆ ಧಸಕ್ಕೆಂದಿತು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಇಂಥದೇ ವದಂತಿಗೆ ಹೈದರಾಬಾದಿನ ಇಂಜಿನಿಯರನೊಬ್ಬನನ್ನು ಜನ ಹೊಡೆದು ಕೊಂದರು. ಅವನೂ ಜೊತೆಗಿದ್ದ ಗೆಳೆಯರೂ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದೇ ತಪ್ಪಾಗಿತ್ತು. ಪುಟ್ಟನಿಗೆ ಫೋನ್ ಮಾಡಿ ಅಳಿಸು ಅಂದೆ. ಅಳಿಸಿದ. ವಾದ ಮಾಡಲಿಲ್ಲ, ಅದೇ ಆಶ್ಚರ್ಯ.

ನಿನ್ನೆ ರಾತ್ರಿ ಅವನೇ ಫೋನ್ ಮಾಡಿದ. "ಮಾವ, ಮಲ್ಗಿದ್ರಾ? ನಿಮ್ಮಟ್ಟೀಲಿ ಹಳೇ ಫ್ಯಾನಿನ ಬೇರಿಂಗ್ ಐತಾ? ನಮ್ಮ ಚಕ್ರದ್ದು ಬಿಗಿ ಹಿಡೀತೈತೆ ಅನ್ಸುತ್ತೆ, ಅದಕ್ಕೇ ನಿಂತೋಗ್ತಿರೋದು."

ಎರಡಿವೆ, ಬೆಳಗ್ಗೆ ಬಂದು ತಗೊಂಡೋಗು ಅಂದೆ.