ಎಂಟು ತಂತಿಯ ಲೆಕ್ಕ

ಮೂರು ವಾರ ತಲೆ ಕೆಟ್ಟು ಹೋಗಿತ್ತು. ಮಂಡ್ಯದ ಮನೆಯಲ್ಲಿ ಹಾಲ್‌ನಿಂದ ಮಹಡಿ ಕೋಣೆಗೆ ನೆಟ್‌ವರ್ಕ್ ವೈರ್ ಎಳೆದಿದ್ದೆ. ರೂಟರ್ ಗಿಗಾಬಿಟ್ (ಸೆಕೆಂಡಿಗೆ ಸಾವಿರ ಮೆಗಾಬಿಟ್), ಒಂದು ಲೈನನ್ನು ಹಲವು ಕಂಪ್ಯೂಟರಿಗೆ ಹಂಚುವ ನೆಟ್‌ವರ್ಕ್ ಸ್ವಿಚ್ಚೂ ಗಿಗಾಬಿಟ್, ಕೇಬಲ್ ಮೇಲೆ ಆ ವೇಗ ತಡೆಯುವ ದರ್ಜೆ ಕ್ಯಾಟ್ 6 ಅಂತ ಉದ್ದಕ್ಕೂ ಅಚ್ಚು. ಆದರೂ ಫೈಲ್ ಕಾಪಿ ಮಾಡಿದರೆ ಸೆಕೆಂಡಿಗೆ 11 ಎಂಬಿ ಮೇಲೆ ಹೋಗುತ್ತಲೇ ಇರಲಿಲ್ಲ. ಸ್ವಿಚ್ಚೇ ಸರಿ ಇಲ್ಲ ಅಂತ ಬೈದುಕೊಂಡು ಸಾವಿರ ರೂಪಾಯಿ ಕೊಟ್ಟು ಇನ್ನೊಂದು ತಂದೆ. ಅದೂ ಅಷ್ಟೇ.

ಒಂದು ಭಾನುವಾರ ಕೂತು, ಡ್ರಾಯರ್‌ನಲ್ಲಿ ಬಿದ್ದಿದ್ದ ಅಗ್ಗದ ಕೇಬಲ್ ಟೆಸ್ಟರ್ ಹಾಕಿ ನೋಡಿದೆ. ದೀಪಗಳು ಒಂದೊಂದಾಗಿ ಹತ್ತುತ್ತಾ ಹೋದವು. ಒಂದು, ಎರಡು, ಮೂರು... ಆರು ಹತ್ತಿತು. ಏಳು ಹತ್ತಲಿಲ್ಲ. ಎಂಟು ಹತ್ತಿತು. ಏಳು ಅಂದರೆ ಬಿಳಿ-ಕಂದು ತಂತಿ.

ವಿಷಯ ಇಷ್ಟೇ. ಕೇಬಲ್ ಒಳಗೆ ಎಂಟು ತಂತಿ, ನಾಲ್ಕು ಜೋಡಿ. 100 ಎಂಬಿಪಿಎಸ್‌ಗೆ (ಸೆಕೆಂಡಿಗೆ ನೂರು ಮೆಗಾಬಿಟ್, ಫೈಲ್ ಲೆಕ್ಕದಲ್ಲಿ ನನಗೆ ಬರುತ್ತಿದ್ದ ಆ 11 ಎಂಬಿ ಆಸುಪಾಸು) ಎರಡು ಜೋಡಿ ಸಾಕು: 1, 2, 3, 6ನೇ ಪಿನ್. ಗಿಗಾಬಿಟ್‌ಗೆ ಎಂಟೂ ಬೇಕು. ಒಂದು ಕೈಕೊಟ್ಟರೆ ಕೆಲವು ಸಲ ಲಿಂಕೇ ಬರುವುದಿಲ್ಲ, ಕೆಲವು ಸಲ ಸದ್ದಿಲ್ಲದೆ ನೂರಕ್ಕೆ ಇಳಿದುಬಿಡುತ್ತದೆ. ಇಂಟರ್ನೆಟ್ ನಡೆಯುತ್ತಲೇ ಇರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ನನ್ನದು ಹಾಗೇ ಆಗಿತ್ತು.

ತುದಿ ಕತ್ತರಿಸಿ ಹೊಸ ಜ್ಯಾಕ್ ಹೊಡೆಯೋಣ ಅಂತ ತಂತಿಗಳನ್ನು ಬಿಡಿಸಿ ನೇರ ಮಾಡುತ್ತಿದ್ದೆ. ಬೆರಳಲ್ಲೇ ಪಟ್ ಅಂತ ಮುರಿಯಿತು. ಇನ್ನೊಂದನ್ನು ಎರಡು ಸಲ ಬಗ್ಗಿಸಿದೆ, ಅದೂ ಮುರಿಯಿತು. ಬ್ಲೇಡಿನಿಂದ ಕೆರೆದು ನೋಡಿದರೆ ಹೊರಗೆ ತಾಮ್ರದ ಬಣ್ಣ, ಒಳಗೆ ಬೆಳ್ಳಗೆ! ಅಲ್ಯೂಮಿನಿಯಂ ತಂತಿಗೆ ತಾಮ್ರದ ತೆಳು ಕೋಟು. ಸಿಸಿಎ ಅಂತಾರೆ ಇದನ್ನ. ನೂರು ಮೀಟರಿನ ಬಾಕ್ಸ್ ಎತ್ತಿದಾಗ ಹಗುರ ಅನಿಸಿತ್ತು, ಒಳ್ಳೇದೇ ಆಯ್ತು ಅಂದುಕೊಂಡು ಬೈಕಿನ ಮೇಲೆ ಇಟ್ಟುಕೊಂಡು ಬಂದಿದ್ದೆ. ಹಗುರ ಇದ್ದದ್ದೇ ಎಚ್ಚರಿಕೆ ಆಗಬೇಕಿತ್ತು.

ಅವತ್ತಿನಿಂದ ನನ್ನ ಲೆಕ್ಕ ಉಲ್ಟಾ ಆಯಿತು. ಅಲ್ಲಿವರೆಗೆ ಕಣ್ಣಿಗೆ ಕಾಣುವ ಡಬ್ಬಕ್ಕೆ ದುಡ್ಡು ಸುರಿದು, ಗೋಡೆ ಹಿಂದೆ ಹೋಗುವುದಕ್ಕೆ ಚೌಕಾಸಿ ಮಾಡುತ್ತಿದ್ದೆ. ಈಗ ಡಬ್ಬ ಎಲ್ಲಾ ಸೆಕೆಂಡ್ ಹ್ಯಾಂಡ್. ವೈರ್, ಅಡಾಪ್ಟರ್, ಅರ್ಥಿಂಗ್ ಮಾತ್ರ ಒಳ್ಳೆಯದೇ ಆಗಬೇಕು.

ಡಬ್ಬ ಯಾಕೆ ಹಳೆಯದು ಸಾಕು ಅಂತೀನಿ ಅಂದರೆ, ಇದು ಅದಕ್ಕೆ ಸುಗ್ಗಿ ಕಾಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಸಪೋರ್ಟ್ ನಿಂತಿತು. ಇಂಟೆಲ್ ಪ್ರೊಸೆಸರ್‌ಗಳಲ್ಲಿ ಎಂಟನೇ ಜನರೇಶನ್‌ಗಿಂತ ಹಳೆಯದಿದ್ದರೆ ಬಹುಪಾಲು ವಿಂಡೋಸ್ 11ರ ಪಟ್ಟಿಯಲ್ಲೇ ಇಲ್ಲ. ಹಾಗಾಗಿ ಆಫೀಸುಗಳು ಆರು, ಏಳನೇ ಜನರೇಶನ್ ಮೆಷಿನ್‌ಗಳನ್ನು ಹೊರಗೆ ಹಾಕುತ್ತಿವೆ. ಮೆಷಿನ್‌ಗೆ ಏನೂ ಆಗಿಲ್ಲ, ಸಾಫ್ಟ್‌ವೇರ್ ಬೇಡ ಅಂದಿದೆ ಅಷ್ಟೇ. ವಿಂಡೋಸ್ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಹಾಕುವವನಿಗೆ ಇದರಿಂದ ನಷ್ಟವೇ ಇಲ್ಲ, ಅಲ್ವಾ?

ಮನೆಯವರ ಫೋಟೋ ಇಡಲು ಒಂದು ಕಂಪ್ಯೂಟರ್ ಬೇಕಿತ್ತು. ಒಂದು ಬೆಳಿಗ್ಗೆ ರೈಲು ಹತ್ತಿ ಬೆಂಗಳೂರಿಗೆ ಹೋಗಿ, ಮೆಟ್ರೋದಲ್ಲಿ ಚಿಕ್ಕಪೇಟೆಗೆ ಇಳಿದು, ಕಂಪ್ಯೂಟರ್ ಅಂಗಡಿಗಳ ಎಸ್‌.ಪಿ. ರೋಡ್ ಸುತ್ತಿದೆ. ಪುಸ್ತಕದಷ್ಟು ಗಾತ್ರದ ಒಂದು ಲೆನೊವೊ ಥಿಂಕ್‌ಸೆಂಟರ್ ಕಂಪ್ಯೂಟರ್ ಸಿಕ್ಕಿತು. ಏಳನೇ ಜನರೇಶನ್ ಐ5, 8 ಜಿಬಿ ರ‍್ಯಾಮ್, ಏಳೂವರೆ ಸಾವಿರ. ಕೊಳ್ಳುವ ಮೊದಲು ಪೆನ್‌ಡ್ರೈವ್‌ನಿಂದ ಲಿನಕ್ಸ್ ಬೂಟ್ ಮಾಡಿ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಡುವ ಸ್ಮಾರ್ಟ್ ರಿಪೋರ್ಟ್ ತೆಗೆದೆ. ಅಂಗಡಿಯವರಿಗೆ ಸ್ವಲ್ಪ ಕಿರಿಕಿರಿ ಆಯಿತು. "ಎಲ್ಲಾ ಚೆಕ್ ಮಾಡಿಯೇ ಇಟ್ಟಿರೋದು ಸಾರ್" ಅಂದರು. ಹಾರ್ಡ್ ಡಿಸ್ಕ್ ಓಡಿದ್ದು 41 ಸಾವಿರ ಗಂಟೆ. ಅಂದರೆ ನಾಲ್ಕೂವರೆ ವರ್ಷಕ್ಕೂ ಜಾಸ್ತಿ, ಹಗಲೂ ರಾತ್ರಿ. ಕೆಟ್ಟ ಸೆಕ್ಟರ್‌ಗಳ ಲೆಕ್ಕವೂ ಸೊನ್ನೆ ಇರಲಿಲ್ಲ. ಡಿಸ್ಕ್ ಬೇಡ, 500 ಕಮ್ಮಿ ಮಾಡಿ ಅಂದೆ. 400ಕ್ಕೆ ಒಪ್ಪಿದರು.

ಅದಕ್ಕೆ ಅಡಾಪ್ಟರ್ ಇರಲಿಲ್ಲ. ಪಕ್ಕದಲ್ಲೇ ಹೆಸರಿಲ್ಲದ ಒಂದು ಅಡಾಪ್ಟರ್ 350ಕ್ಕೆ ಸಿಕ್ಕಿತು. ಮನೆಗೆ ಬಂದು ಹಾಕಿದರೆ ಸುಮ್ನೆ ಇದ್ದಾಗ ಚೆನ್ನಾಗೇ ಇತ್ತು. ಸ್ವಲ್ಪ ಭಾರದ ಕೆಲಸ ಕೊಟ್ಟೆನೋ ಇಲ್ಲವೋ, ಫಟ್ ಅಂತ ಆಫ್. ರ‍್ಯಾಮ್ ಬಿಚ್ಚಿ ಹಾಕಿದೆ, ಪ್ರೊಸೆಸರ್ ಪೇಸ್ಟ್ ಬದಲಿಸಿದೆ. ಎರಡು ದಿನ ಹೋಯಿತು. ಅಡಾಪ್ಟರ್ ಮೇಲೆ 65 ವ್ಯಾಟ್ ಅಂತ ಬರೆದಿತ್ತು, ಬರೆಯೋದಕ್ಕೇನು ಖರ್ಚು! ಕಂಪನಿಯದ್ದೇ ಹಳೆಯ ಅಡಾಪ್ಟರ್ ಎಂಟುನೂರಕ್ಕೆ ತರಿಸಿ ಹಾಕಿದ ಮೇಲೆ ಇವತ್ತಿನವರೆಗೂ ತಾನಾಗಿ ಒಂದು ಸಲವೂ ಆಫ್ ಆಗಿಲ್ಲ.

"ಏನ್ಲಾ ಇದು, ಹಳೇ ಕಬ್ಬಿಣ ಹೊತ್ಕೊಂಡು ಬಂದಿದ್ದೀಯ" ಅಂದಿದ್ದರು ಅಪ್ಪ. ಅಮ್ಮನ ಚಿಂತೆ ಬೇರೆ. "ಇದು ರಾತ್ರಿಯೆಲ್ಲಾ ಓಡಿದ್ರೆ ಗೃಹಜ್ಯೋತಿ ಕಟ್ ಆಗಲ್ವೇನೋ?" ಮೀಟರ್ ಹಾಕಿ ನೋಡಿದೆ, 10 ವ್ಯಾಟ್ ಆಸುಪಾಸು. ತಿಂಗಳಿಗೆ ಏಳು ಯೂನಿಟ್ ಚಿಲ್ಲರೆ. ಹಳೆಯ ಟ್ಯೂಬ್‌ಲೈಟ್ ತೆಗೆದು ಎಲ್‌ಇಡಿ ಹಾಕಿ ಅಷ್ಟನ್ನು ಸರಿದೂಗಿಸಿದೆ, ಅಮ್ಮ ಒಪ್ಪಿದರು. ಈಗ ಮನೆಯವರೆಲ್ಲರ ಫೋಟೋ ಅದರಲ್ಲೇ ಇವೆ.

ರೂಟರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹಳೆಯದು ಕೊಳ್ಳುವುದಾದರೆ, ಕಂಪನಿಯ ಸಾಫ್ಟ್‌ವೇರ್ ಬದಲು ಕೂರುವ ಉಚಿತ ಸಾಫ್ಟ್‌ವೇರ್ ಓಪನ್‌ಡಬ್ಲ್ಯುಆರ್‌ಟಿ ಹಾಕಲು ಬರುತ್ತದಾ ನೋಡಿ. 16 ಎಂಬಿ ಫ್ಲ್ಯಾಶ್ (ಸಾಫ್ಟ್‌ವೇರ್ ಕೂರುವ ಜಾಗ), 128 ಎಂಬಿ ರ‍್ಯಾಮ್ ಇರಲಿ. 4 ಎಂಬಿ ಫ್ಲ್ಯಾಶಿನ ಡಬ್ಬಗಳು 300ಕ್ಕೆ ಸಿಗುತ್ತವೆ, ಹೊಸ ಆವೃತ್ತಿ ಅವುಗಳಲ್ಲಿ ಕೂರುವುದಿಲ್ಲ. ಲಿಂಕ್‌ಸಿಸ್‌ನ ಒಂದು ನೀಲಿ ರೂಟರ್ ಒಳಗೆ ಲಿನಕ್ಸ್ ಇದೆ ಅಂತ ಗೊತ್ತಾಗಿ, 2003ರಲ್ಲಿ ಕಂಪನಿ ಸೋರ್ಸ್ ಕೋಡ್ ಹೊರಗೆ ಬಿಡಬೇಕಾಯಿತು. ಅಲ್ಲಿಂದ ಹುಟ್ಟಿದ್ದು ಈ ಸಾಫ್ಟ್‌ವೇರ್. ನನ್ನ 600 ರೂಪಾಯಿಯ ರೂಟರ್ ಅದರ ದಯೆಯಿಂದ ಇನ್ನೂ ಬದುಕಿದೆ.

ನಿಜವಾದ ಪಾಠ ಆಗಿದ್ದು ಊರಿನಲ್ಲಿ. ಪಾಂಡವಪುರದ ಕಡೆ ನಮ್ಮದೊಂದು ಹಳೇ ಮನೆ, ಹಿಂದೆ ತೋಟ, ತೋಟದ ತುದಿಯಲ್ಲಿ ಕೊಟ್ಟಿಗೆ. ಮನೆಯಿಂದ ಎಪ್ಪತ್ತು ಮೀಟರ್. ಚಿಕ್ಕಪ್ಪನಿಗೆ ಹಸು ಗಬ್ಬ ಆದಾಗೆಲ್ಲಾ ರಾತ್ರಿ ಎದ್ದು ಎದ್ದು ನೋಡುವ ಕೆಲಸ. ಕ್ಯಾಮೆರಾ ಹಾಕಿ ಕೊಡ್ತೀನಿ ಅಂದೆ. ಈಥರ್ನೆಟ್, ಅಂದರೆ ಇದೇ ನೆಟ್‌ವರ್ಕ್ ಕೇಬಲ್‌ನ ಮಿತಿ ನೂರು ಮೀಟರ್, ಅದರೊಳಗೇ ಇದೆಯಲ್ಲ, ಅದೇ ಸಾಕು ಅಂತ ತೆಂಗಿನ ಮರದಿಂದ ಮರಕ್ಕೆ ಕಟ್ಟಿದೆ. ಅಪ್ಪಟ ತಾಮ್ರದ ಕೇಬಲ್. ಪಾಠ ಕಲಿತಿದ್ದೆನಲ್ಲ!

ಭರಣಿ ಮಳೆಯಲ್ಲಿ ಪಕ್ಕದ ತೋಟಕ್ಕೆ ಸಿಡಿಲು ಬಿತ್ತು. ನಮ್ಮ ಮರಕ್ಕೆ ಬೀಳಲಿಲ್ಲ, ಹತ್ತಿರ ಬಿದ್ದದ್ದೇ ಸಾಕಾಯಿತು. ಕ್ಯಾಮೆರಾ, ಸ್ವಿಚ್, ರೂಟರಿನ ಒಂದು ಪೋರ್ಟ್ ಹೋದವು. ಸ್ವಿಚ್ ಬಿಚ್ಚಿದಾಗ ಒಳಗೆ ಒಂದು ಚಿಪ್ಪಿನ ನೆತ್ತಿ ಒಡೆದು, ಸುತ್ತ ಮಸಿ. ಸುಟ್ಟ ವಾಸನೆ ವಾರವಾದರೂ ಹೋಗಿರಲಿಲ್ಲ. ಬಯಲಲ್ಲಿ ಎಪ್ಪತ್ತು ಮೀಟರ್ ತಾಮ್ರ ತೂಗುಬಿಟ್ಟರೆ ಅದು ಸಿಡಿಲಿಗೆ ಹಾಸಿದ ರತ್ನಗಂಬಳಿ. ತಂತಿ ಎಷ್ಟು ಒಳ್ಳೆಯದಿದ್ದರೆ ಅಷ್ಟೇ ಸಲೀಸು.

ಈಗ ಅಲ್ಲಿ ಫೈಬರ್ ಇದೆ. ಮನೆಗಳಿಗೆ ಎಳೆಯುತ್ತಾರಲ್ಲ, ಅದೇ ಕಪ್ಪು ಚಪ್ಪಟೆ ಕೇಬಲ್. ಎರಡು ತುದಿಗೂ ಬೆಳಕನ್ನು ಈಥರ್ನೆಟ್‌ಗೆ ಬದಲಿಸುವ ಒಂದೊಂದು ಮೀಡಿಯಾ ಕನ್ವರ್ಟರ್, ಜೋಡಿಗೆ ಸಾವಿರದ ಇನ್ನೂರು. ಗಾಜಿನ ಎಳೆಯಲ್ಲಿ ಬೆಳಕು ಹೋಗುತ್ತದೆ, ಕರೆಂಟು ಹೋಗುವುದಿಲ್ಲ. ಆದರೆ ಆ ಕೇಬಲ್‌ನಲ್ಲಿ ಎಳೆತ ತಡೆಯಲು ಒಂದು ಉಕ್ಕಿನ ತಂತಿ ಇರುತ್ತದೆ. ಅದನ್ನು ಎರಡೂ ಕಡೆ ಕಟ್ಟಡಕ್ಕೆ ಮುಂಚೆಯೇ ಕತ್ತರಿಸಿ ನಿಲ್ಲಿಸಿದೆ, ಇಲ್ಲದಿದ್ದರೆ ಮತ್ತೆ ಅದೇ ಕಥೆ. ಫೈಬರ್ ಜೋಡಿಸಿಕೊಟ್ಟ ಹುಡುಗ ಮುನ್ನೂರು ತಗೊಂಡು, ಒಂದು ಎಳನೀರು ಕುಡಿದು ಹೋದ.

ಜೊತೆಗೆ ಅರ್ಥಿಂಗ್. ಊರಿನ ಮನೆಯಲ್ಲಿ ಮೂರು ಪಿನ್ನಿನ ಸಾಕೆಟ್ ಇತ್ತು, ಮೂರನೇ ಪಿನ್ನಿಗೆ ವೈರೇ ಇರಲಿಲ್ಲ! ಕಂಪ್ಯೂಟರ್ ಡಬ್ಬ ಮುಟ್ಟಿದರೆ ಜುಮ್ ಅನ್ನುತ್ತಿತ್ತು, ನಾವು ನಗಾಡಿಕೊಂಡು ಚಪ್ಪಲಿ ಹಾಕಿಕೊಂಡು ಕೂರುತ್ತಿದ್ದೆವು. ಈಗ ಗುಂಡಿ ತೋಡಿಸಿ, ಇದ್ದಿಲು, ಉಪ್ಪು ತುಂಬಿಸಿ ಸರಿಯಾಗಿ ಮಾಡಿಸಿದ್ದೇವೆ. ಬೇಸಿಗೆಯಲ್ಲಿ ಚಿಕ್ಕಮ್ಮ ಅದಕ್ಕೂ ಒಂದು ಬಿಂದಿಗೆ ನೀರು ಹಾಕುತ್ತಾರೆ, ತುಳಸಿಗೆ ಹಾಕಿದ ಹಾಗೆ.

ಕಳೆದ ತಿಂಗಳು ರಾತ್ರಿ ಎರಡೂವರೆಗೆ ಚಿಕ್ಕಪ್ಪನ ಫೋನ್. "ಲೋ, ನಿನ್ ಕ್ಯಾಮೆರಾದಲ್ಲಿ ಕರಾ ಕಾಣ್ತಾ ಅದೆ ಕಣ್ಲಾ, ಹೆಣ್ಗರಾ!" ಅಂದು ಇಟ್ಟುಬಿಟ್ಟರು.

ಉಳಿದಿದ್ದ ಆ ಸಿಸಿಎ ಕೇಬಲ್, ಅರವತ್ತು ಮೀಟರ್ ಚಿಲ್ಲರೆ, ಯಾರಿಗೂ ಮಾರಲು ಮನಸ್ಸಾಗಲಿಲ್ಲ. ಅಪ್ಪ ಕೇಳಿ ಇಸಿದುಕೊಂಡು, ಒಳಗಿನ ತಂತಿ ಬಿಡಿಸಿ ಹಿತ್ತಲಿನ ಹೀರೆಕಾಯಿ ಚಪ್ಪರ ಕಟ್ಟಿದರು. ಎರಡು ಕಡೆ ಆಗಲೇ ತುಂಡಾಗಿದೆ.