50 ಪೈಸೆಯ ಕವರು

ಮುಂಬೈ ಕಡೆ ಉಳಿತಾಯ ಮಾಡೋದೇನೂ ಕಷ್ಟ ಅಲ್ಲ, ಉಳಿಸಿದ್ದನ್ನು ಇಡೋದು ಕಷ್ಟ. ಡೊಂಬಿವಲಿಯ ನಮ್ಮ ಒನ್ ಬಿಎಚ್‌ಕೆಯಲ್ಲಿ ಮಂಚದ ಕೆಳಗೂ ಜಾಗಕ್ಕೆ ಪೈಪೋಟಿ. ಊರಮನೆಯ ಅಟ್ಟ ಕಂಡ ನಮ್ಮತ್ತೆಗೆ ಇದು ತಲೆಗೇ ಹೋಗುವುದಿಲ್ಲ. ಶ್ರೀಖಂಡದ ಡಬ್ಬಿ, ಮಿಠಾಯಿ ಪೊಟ್ಟಣದ ದಾರ, ಯಾವುದೂ ಅವರ ಕೈ ತಪ್ಪಿಸಿಕೊಂಡು ಕಸಕ್ಕೆ ಹೋಗಿದ್ದಿಲ್ಲ.

2018ರಲ್ಲಿ ಮಹಾರಾಷ್ಟ್ರದಲ್ಲಿ ಪ್ಲಾಸ್ಟಿಕ್ ನಿಷೇಧ ಬಂತಲ್ಲ, ಹಾಲಿನ ಖಾಲಿ ಕವರು ಕೊಟ್ಟರೆ ಕನಿಷ್ಠ 50 ಪೈಸೆ ವಾಪಸ್ ಅನ್ನುವ ನಿಯಮವೂ ಜೊತೆಗೇ ಬಂತು. ಅತ್ತೆಗೆ ಅಷ್ಟೇ ಸಾಕಾಯಿತು. ಹಾಲಿನವನನ್ನು ಕೇಳಿದರೆ ಸುಮ್ನೆ ನಕ್ಕ. "ನಗಲಿ ಬಿಡು, ರದ್ದಿಯವನು ತೂಕಕ್ಕೆ ತಗೊಳ್ತಾನೆ" ಎಂದ ಅತ್ತೆ, ಕವರುಗಳನ್ನು ತೊಳೆದು ಗ್ಯಾಲರಿಯ ಹಗ್ಗಕ್ಕೆ ನೇತುಹಾಕತೊಡಗಿದರು. ತೊಳೆಯಲು ಸುರಿದ ನೀರಿನ ಲೆಕ್ಕ ಕೇಳುವ ಧೈರ್ಯ ನನಗೂ ಇಲ್ಲ, ಅವರ ಮಗನಿಗೂ ಇಲ್ಲ.

ಮೇ ತಿಂಗಳಲ್ಲಿ ಒಂದು ಮಧ್ಯಾಹ್ನ ಜೋರು ಗಾಳಿ. ಕವರುಗಳೆಲ್ಲ ಹಾರಿ, ಕೆಳಮನೆಯ ಮರಾಠಿ ಕಾಕೂ ಅಂಗಳದಲ್ಲಿ ಸೀರೆ ಹಾಸಿ ಒಣಹಾಕಿದ್ದ ಕುರ್ಡೈ, ಅಂದರೆ ಗೋಧಿ ಸಂಡಿಗೆ ಮೇಲೆ ಇಳಿದವು. ಕುರ್ಡೈ ಅಂದರೆ ಸುಮ್ನೆ ಅಲ್ಲ. ಗೋಧಿಯನ್ನು ದಿನಗಟ್ಟಲೆ ನೆನೆಸಿ, ರುಬ್ಬಿ, ಹಾಲು ತೆಗೆದು, ಬೇಯಿಸಿ ಒತ್ತಬೇಕು. ಹಸಿ ಕುರ್ಡೈ ಅಂಟಿಕೊಂಡಿದ್ದ ಕವರೊಂದನ್ನು ಹಿಡಿದು ಕಾಕೂ ಮೇಲೆ ಬಂದರು. ಮರಾಠಿಯಲ್ಲಿ ಚೆನ್ನಾಗಿಯೇ ಬೈದರು. ಅತ್ತೆಗೆ ಮರಾಠಿ ಬರದು. ಕಳೆದುಹೋದ ಕವರು ಸಿಕ್ಕಿತಲ್ಲ ಎಂದು ಕೈಮುಗಿದು, ಕವರನ್ನೂ ಕುರ್ಡೈಯನ್ನೂ ಇಸ್ಕೊಂಡು ಒಳಗಿಟ್ಟರು!

ಇನ್ನು ಮನೆ ಹಗುರ ಮಾಡಲೇಬೇಕು ಎಂದು ನಾನು ಹಳೇ ಬಟ್ಟೆಗಳನ್ನೆಲ್ಲ ತೆಗೆದಿಟ್ಟೆ. ಬಟ್ಟೆಗೆ ಪಾತ್ರೆ ಕೊಡುವವಳು ಬಂದಳು. ಚೌಕಾಶಿಗೆ ಅತ್ತೆಯೇ ಕೂತರು. ನಾಲ್ಕು ಸೀರೆ, ಎರಡು ಪ್ಯಾಂಟು ಹೋಗಿ, ಕೊಡದಷ್ಟು ದೊಡ್ಡ ಸ್ಟೀಲ್ ಡಬ್ಬಿ ಒಳಗೆ ಬಂತು. "ಕವರು ಇಡೋಕೆ ಆಯ್ತು ನೋಡು" ಎಂದರು. ಉಳಿತಾಯ ಮತ್ತು ಸರಳ ಜೀವನ ಅಕ್ಕತಂಗಿಯರು ಅಂತ ದೊಡ್ಡವರು ಹೇಳ್ತಾರೆ. ನನ್ನ ಪ್ರಕಾರ ಸವತಿಯರು. ಒಬ್ಬಳು "ಇರಲಿ, ಬೇಕಾಗುತ್ತೆ" ಅನ್ನುತ್ತಾಳೆ, ಇನ್ನೊಬ್ಬಳು "ಯಾಕೆ ಬೇಕು?" ಅನ್ನುತ್ತಾಳೆ. ನಡುವೆ ನಾನು ಆ ಡಬ್ಬಿಗೆ ಜಾಗ ಹುಡುಕಬೇಕು, ಅಷ್ಟೇ.

ಡಬ್ಬಿ ತುಂಬಿದ ಮೇಲೆ ರದ್ದಿಯವನು ತೂಗಿ ಹನ್ನೆರಡು ರೂಪಾಯಿ ಕೊಟ್ಟ. ಅತ್ತೆ ಎರಡು ಸಲ ಎಣಿಸಿಕೊಂಡರು. ಆಮೇಲೆ ನನ್ನಿಂದ ಇನ್ನೂ ಮೂವತ್ತು ಇಸ್ಕೊಂಡು, ಕವರು ಹಾರಿಹೋಗದಂತೆ ಒಂದು ಡಜನ್ ಕ್ಲಿಪ್ಪು ತಂದರು.